ಕಾರು ಹೊರುವುದು ರಬ್ಬರಲ್ಲ, ಗಾಳಿ

ಒಂದೂವರೆ ಟನ್ ತೂಕದ, ಓಟಕ್ಕೆ ಹೆಸರಾದ ಸೆಡಾನ್ ಒಂದು ನಿಂತಿದೆ ಅಂದುಕೊಳ್ಳಿ. ಅದರ ನಾಲ್ಕೂ ಟೈರುಗಳು ಸೇರಿ ನೆಲ ಮುಟ್ಟಿರುವ ಜಾಗ ಎಷ್ಟಿರಬಹುದು? ಲೆಕ್ಕ ಸುಲಭ. ಒಂದು ಚಕ್ರದ ಪಾಲಿಗೆ 375 ಕೆ.ಜಿ. ಒಳಗಿನ ಗಾಳಿ 33 ಪಿಎಸ್‌ಐ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.3 ಕೆ.ಜಿ. ಒತ್ತಡ. ಭಾಗಿಸಿದರೆ 160 ಚದರ ಸೆಂಟಿಮೀಟರ್ ಆಸುಪಾಸು ಬರುತ್ತದೆ. ನಾಲ್ಕನ್ನೂ ಕೂಡಿಸಿದರೆ ಒಂದು ಎ4 ಹಾಳೆಗಿಂತ ಚೂರು ಜಾಸ್ತಿ, ಅಷ್ಟೇ. ಗಂಟೆಗೆ ಇನ್ನೂರು ಕಿಲೋಮೀಟರ್ ಓಡುವ ಕಾರು ರಸ್ತೆಯನ್ನು ಹಿಡಿದುಕೊಂಡಿರುವುದು ಇಷ್ಟರಲ್ಲೇ.

ಟೈರಿನ ಬದಿಯ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜಿನ ಲೆಕ್ಕ. ಆದರೂ ಅದರಲ್ಲಿ ಒಂದು ತಮಾಷೆ ಇದೆ, ಗಮನಿಸಿದಿರಾ? ಟೈರಿನ ಅಗಲ ಎಲ್ಲೂ ಬರಲೇ ಇಲ್ಲ. 225 ಮಿ.ಮೀ. ಟೈರ್ ತೆಗೆದು 255 ಹಾಕಿ, ಗಾಳಿ ಅಷ್ಟೇ ಇಟ್ಟರೆ, ನೆಲ ಮುಟ್ಟುವ ಜಾಗ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅದರ ಆಕಾರ ಮಾತ್ರ ಬದಲಾಗುತ್ತದೆ: ಅಡ್ಡಕ್ಕೆ ಅಗಲವಾಗಿ, ಉದ್ದಕ್ಕೆ ಗಿಡ್ಡವಾಗುತ್ತದೆ.

ಹಾಗಾದರೆ ರೇಸಿನವರು ಅಗಲ ಟೈರಿಗೆ ಯಾಕೆ ಬೀಳುತ್ತಾರೆ? ಶಾಲೆಯಲ್ಲಿ ನಾವು ಕಲಿತದ್ದು, ಘರ್ಷಣೆಗೂ ಮುಟ್ಟುವ ಜಾಗಕ್ಕೂ ಸಂಬಂಧವಿಲ್ಲ ಅಂತ ಅಲ್ವಾ? ಮರ, ಕಬ್ಬಿಣಕ್ಕೆ ಆ ಮಾತು ಸರಿ. ರಬ್ಬರ್ ಅದನ್ನು ಕೇಳುವುದಿಲ್ಲ. ಅದು ರಸ್ತೆಯ ಸಣ್ಣ ಸಣ್ಣ ಗುಳಿಗಳೊಳಗೆ ಇಳಿಯುತ್ತದೆ, ಒಂದಿಷ್ಟು ಅಂಟಿಕೊಳ್ಳುತ್ತದೆ ಕೂಡ. ಅದರ ಮೇಲೆ ಭಾರ ಎರಡು ಪಟ್ಟು ಹಾಕಿದರೆ ಹಿಡಿತ ಎರಡು ಪಟ್ಟು ಆಗುವುದಿಲ್ಲ, ಸ್ವಲ್ಪ ಕಡಿಮೆಯೇ ಸಿಗುತ್ತದೆ. ಹಾಗಾಗಿ ಅದೇ ಭಾರವನ್ನು ಹೆಚ್ಚು ರಬ್ಬರಿಗೆ ಹಂಚಿದರೆ ಲಾಭ. ಅಗಲ ಟೈರಿನೊಳಗೆ ಗಾಳಿಗೆ ಜಾಗ ಜಾಸ್ತಿ ಇರುವುದರಿಂದ ಕಡಿಮೆ ಒತ್ತಡದಲ್ಲೂ ಅದು ಅಷ್ಟೇ ಭಾರ ಹೊರಬಲ್ಲದು. ಒತ್ತಡ ಇಳಿಸಬಹುದಾದಾಗ ನೆಲ ಮುಟ್ಟುವ ಜಾಗವೂ ನಿಜಕ್ಕೂ ಹೆಚ್ಚುತ್ತದೆ. ಅಗಲ, ಗಾಳಿ ಎರಡನ್ನೂ ಬೇರೆ ಬೇರೆಯಾಗಿ ನೋಡಬಾರದು ಅನ್ನುವುದು ಇದಕ್ಕೇ.

ಬಿಸಿಯ ವಿಷಯವೂ ಇದೆ. ಟೈರ್ ತಿರುಗುವಾಗ ನೆಲ ಮುಟ್ಟುವ ಕಡೆ ರಬ್ಬರ್ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ಹೀಗೆ ಮಡಚಿ ಬಿಚ್ಚಿದಾಗಲೆಲ್ಲ ಕಾವು ಹುಟ್ಟುತ್ತದೆ. ಅಗಲ ಟೈರಿನಲ್ಲಿ ಆ ಕಾವು ಹೆಚ್ಚು ರಬ್ಬರಿಗೆ ಹಂಚಿಹೋಗುವುದರಿಂದ ತಯಾರಕರು ಇನ್ನಷ್ಟು ಮೆತ್ತಗಿನ, ಹೆಚ್ಚು ಹಿಡಿಯುವ ರಬ್ಬರ್ ಬಳಸಬಹುದು.

ಇದಕ್ಕೆ ಬೆಲೆ ತೆರಬೇಕಾಗುವುದು ಮಳೆಯಲ್ಲಿ. ಅಗಲ ಟೈರ್ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ಅದೂ ಗಿಡ್ಡ ಜಾಗದೊಳಗೆ, ಅಂದರೆ ಕಡಿಮೆ ಹೊತ್ತಿನಲ್ಲಿ. ತಳ್ಳಲಾಗದಿದ್ದರೆ ಕಾರು ನೀರಿನ ಮೇಲೆ ತೇಲುತ್ತದೆ. ಆಗ ಸ್ಟೀರಿಂಗ್ ಸುಮ್ನೆ ಕೈಯಲ್ಲಿ ಇರುತ್ತದೆ, ಅಷ್ಟೇ. 1960ರ ದಶಕದಲ್ಲಿ ನಾಸಾದವರು ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ, ತೇಲಲು ಶುರುವಾಗುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ ಎಂದು ಕಂಡುಕೊಂಡರು. ಕಾರಿಗೂ ಅದನ್ನೇ ಹಿಡಿದರೆ, 33 ಪಿಎಸ್‌ಐ ಇದ್ದದ್ದು 25ಕ್ಕೆ ಇಳಿದಾಗ ಆ ವೇಗ ಶೇ. 13ರಷ್ಟು ಕುಸಿಯುತ್ತದೆ. ಹಿಡಿತ ಸಿಗಲಿ ಅಂತ ಮನಬಂದಂತೆ ಗಾಳಿ ಬಿಡುವವರು ಇದನ್ನು ನೆನಪಿಡಬೇಕು.

ಇನ್ನು ಟೈರಿನ ಮೇಲಿನ ಅಂಕಿಗಳು. 225/45 ಆರ್17 ಅಂದರೆ ಅಗಲ 225 ಮಿ.ಮೀ., ಬದಿಯ ಗೋಡೆಯ ಎತ್ತರ ಅದರ ಶೇ. 45, ರಿಮ್ 17 ಇಂಚು. ಒಟ್ಟು ವ್ಯಾಸ ಸುಮಾರು 634 ಮಿ.ಮೀ. 18 ಇಂಚಿನ ರಿಮ್ ಬೇಕೆಂದರೆ 225/40 ಹಾಕಿದಾಗ ವ್ಯಾಸ 637 ಆಗುತ್ತದೆ, ತೊಂದರೆಯಿಲ್ಲ. ಅದೇ 245/40 ಹಾಕಿದರೆ 653. ಆಗ ಸ್ಪೀಡೋಮೀಟರ್ ನೂರು ತೋರಿಸುವಾಗ ಕಾರು ಮೊದಲಿಗಿಂತ ಶೇ. 3ರಷ್ಟು ಜೋರಾಗಿ ಓಡುತ್ತಿರುತ್ತದೆ. ಗೇರ್ ಲೆಕ್ಕವೂ ತಪ್ಪುತ್ತದೆ. ಈಗಿನ ಬಿಎಂಡಬ್ಲ್ಯು ಎಂ3 ಕಾಂಪಿಟಿಷನ್ ನೋಡಿ. ಮುಂದೆ 275/35 ಆರ್19, ಹಿಂದೆ 285/30 ಆರ್20. ಒಂದು ಇಂಚಿನ ವ್ಯತ್ಯಾಸದ ರಿಮ್ಮುಗಳು, ಆದರೆ ವ್ಯಾಸ 675 ಮತ್ತು 679. ನಾಲ್ಕೂ ಚಕ್ರಕ್ಕೆ ಶಕ್ತಿ ಕಳಿಸುವ ಕಾರಿನಲ್ಲಿ ಈ ಹೊಂದಾಣಿಕೆ ಇನ್ನೂ ಮುಖ್ಯ.

ನನ್ನನ್ನು ಕೇಳಿದರೆ, ಕಂಪನಿ ಕೊಟ್ಟದ್ದಕ್ಕಿಂತ ಒಂದು ಇಂಚು ದೊಡ್ಡ ರಿಮ್ ಸಾಕು. ಅದಕ್ಕಿಂತ ಮೇಲಿನದು ಬರೀ ನೋಟಕ್ಕೆ. ಗೋಡೆ ಗಿಡ್ಡವಾದಷ್ಟೂ ಸ್ಟೀರಿಂಗ್ ಚುರುಕಾಗುವುದು ನಿಜ, ಆದರೆ ಗುಂಡಿಗೆ ಬಿದ್ದಾಗ ಏಟು ನೇರ ರಿಮ್ಮಿಗೇ. ಜೊತೆಗೆ ದೊಡ್ಡ ರಿಮ್ ಸಾಮಾನ್ಯವಾಗಿ ಭಾರ. ತಿರುಗುವ ಭಾರ ಹೆಚ್ಚಿದರೆ ಎಂಜಿನ್ನಿಗೂ ಕೆಲಸ, ಬ್ರೇಕಿಗೂ ಕೆಲಸ.

ಅಳತೆಯ ಪಕ್ಕದಲ್ಲಿ 91 ಡಬ್ಲ್ಯು ಅಂತಲೂ ಇರುತ್ತದೆ. 91 ಅಂದರೆ ಒಂದು ಟೈರ್ 615 ಕೆ.ಜಿ. ಹೊರಬಲ್ಲದು, ಡಬ್ಲ್ಯು ಅಂದರೆ ಗಂಟೆಗೆ 270 ಕಿ.ಮೀ. ತನಕ ತಡೆದೀತು. ಇದೇ ಅಳತೆಯಲ್ಲಿ 94 ಎಕ್ಸ್‌ಎಲ್, ಅಂದರೆ ಹೆಚ್ಚು ಭಾರ ಹೊರಲೆಂದೇ ಮಾಡಿದ ಟೈರೂ ಸಿಗುತ್ತದೆ, ಅದರ ತಾಕತ್ತು 670 ಕೆ.ಜಿ. ಆದರೆ ಅಷ್ಟು ಹೊರಬೇಕಾದರೆ 42 ಪಿಎಸ್‌ಐ ಗಾಳಿ ಬೇಕು. ಕಡಿಮೆ ಗಾಳಿ ಹಾಕಿ 670 ನಿರೀಕ್ಷಿಸುವ ಹಾಗಿಲ್ಲ. ಹಾಗಂತ ಟೈರಿನ ಮೇಲೆ ಬರೆದಿರುವ ಗರಿಷ್ಠ ಒತ್ತಡವನ್ನೇ ದಿನಾ ತುಂಬಿಸುವುದಲ್ಲ. ಅದು ಟೈರಿನ ಮಿತಿ. ನಿಮ್ಮ ಕಾರಿಗೆ ಎಷ್ಟು ಬೇಕು ಅನ್ನುವುದು ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಶುರು ಮಾಡಬೇಕಾದದ್ದು ಅಲ್ಲಿಂದಲೇ. ಆಮೇಲೆ ಒಂದೆರಡು ಪಿಎಸ್‌ಐ ಆಚೀಚೆ ಮಾಡಿ, ಸವೆತ ನೋಡಿ. ನಡುವೆ ಜಾಸ್ತಿ ಸವೆದರೆ ಗಾಳಿ ಹೆಚ್ಚಾಗಿದೆ, ಎರಡೂ ಅಂಚು ಸವೆದರೆ ಕಡಿಮೆಯಾಗಿದೆ.

ಒಮ್ಮೆ ನಾನೇ ಪೆದ್ದುತನ ಮಾಡಿದ್ದೆ. ದೂರ ಓಡಿಸಿ ನಿಲ್ಲಿಸಿದ ಕೂಡಲೇ ಗೇಜ್ ಹಿಡಿದರೆ 37 ತೋರಿಸಿತು. ನಾಲ್ಕೂ ಟೈರಿನಿಂದ ಗಾಳಿ ಬಿಟ್ಟು 33ಕ್ಕೆ ತಂದು, ಹೆಮ್ಮೆಯಿಂದ ಮಲಗಿದೆ. ಟೈರ್ 25 ಡಿಗ್ರಿಯಷ್ಟು ಬಿಸಿಯಾದರೆ ಒಳಗಿನ ಒತ್ತಡ ಹತ್ತಿರ ಹತ್ತಿರ 4 ಪಿಎಸ್‌ಐ ಏರುತ್ತದೆ. ಚೀಟಿಯಲ್ಲಿರುವ ಅಂಕಿ ತಣ್ಣಗಿನ ಟೈರಿಗೆ, ಅಂದರೆ ಮೂರು ಗಂಟೆಯಾದರೂ ನಿಂತ ಕಾರಿಗೆ. ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕೂ ಟೈರಿನಲ್ಲಿ 29.