ಕೆಲಸದಲ್ಲಿ ಹೇಳಬೇಕಾ, ಬೇಡವಾ?

"ಡಾಕ್ಟ್ರೇ, ಕೆಲಸದಲ್ಲಿ ಹೇಳ್ಬೇಕಾ?" ಮಾನಸಿಕ ಕಾಯಿಲೆಯ ಮಾತ್ರೆ ಹಿಡಿದು, ನಿದ್ದೆ ಸರಿಯಾಗುತ್ತಿದ್ದ ಹಾಗೆ ಈ ಪ್ರಶ್ನೆ ಬರುತ್ತದೆ. ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ ಬರುವ ಬೈಪೋಲಾರ್ ಇರುವವರು, ಗೀಳು ರೋಗದವರು, ದೊಡ್ಡವರಾದ ಮೇಲೆ ಗಮನ ಒಂದೆಡೆ ನಿಲ್ಲದ ತೊಂದರೆಯಾದ ಎಡಿಎಚ್‌ಡಿ ಎಂದು ಗೊತ್ತಾದವರು, ಎಲ್ಲರೂ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಹೇಳಿದರೆ ನಿಮಗೆ ಏನು ಸಿಗಬೇಕು?

ಉತ್ತರ ಹೊಳೆಯದಿದ್ದರೆ ಸದ್ಯಕ್ಕೆ ಹೇಳಬೇಡಿ. ಮನಸ್ಸು ಹಗುರ ಮಾಡಿಕೊಳ್ಳಲು ಗೆಳೆಯರಿದ್ದಾರೆ, ನಾವಿದ್ದೇವೆ. ಮ್ಯಾನೇಜರ್ ಬೇಡ. ಅದೂ ನಮ್ಮ ಕಾಸರಗೋಡಿನಲ್ಲಿ! ಕುಂಬಳೆ, ಉಪ್ಪಳ, ಮಂಜೇಶ್ವರದವರೆಲ್ಲ ಬೆಳಿಗ್ಗೆ ಒಂದೇ ರೈಲಿನಲ್ಲಿ ಮಂಗಳೂರಿಗೆ ಹೋಗುತ್ತಾರೆ. ಆಫೀಸಿನಲ್ಲಿ ಆಡಿದ ಮಾತು ಊರಿನ ಮದುವೆ ಮನೆಗೆ ತಲುಪಲು ಜಾಸ್ತಿ ದಿನ ಬೇಡ. ಮನೆಯಲ್ಲಿ ಸಂಬಂಧ ನೋಡುತ್ತಿದ್ದರಂತೂ ಹೆದರಿಕೆ ಇನ್ನೂ ಹೆಚ್ಚು. ಅದನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಬೇಕಾದದ್ದು ಏನೆಂದು ಗೊತ್ತಿದ್ದರೆ ಅಷ್ಟನ್ನೇ ಕೇಳಿ. ಬೈಪೋಲಾರ್ ಇರುವವರಿಗೆ ರಾತ್ರಿ ಪಾಳಿ ಆಗಿಬರುವುದಿಲ್ಲ. ನಿದ್ದೆ ಕೆಟ್ಟರೆ ಉನ್ಮಾದ ಮತ್ತೆ ಶುರುವಾಗಬಹುದು. ಅದಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಇದಕ್ಕೆಲ್ಲ ರೋಗದ ಹೆಸರೇ ಬೇಕೆಂದಿಲ್ಲ. "ಒಂದು ಆರೋಗ್ಯ ಸಮಸ್ಯೆಗೆ ಚಿಕಿತ್ಸೆಯಲ್ಲಿದ್ದೇನೆ, ರಾತ್ರಿ ಪಾಳಿ ಬೇಡವೆಂದು ವೈದ್ಯರು ಹೇಳಿದ್ದಾರೆ" ಎಂದು ಎಚ್‌ಆರ್‌ಗೆ ಬರೆದುಕೊಟ್ಟರೆ ಎಷ್ಟೋ ಕಡೆ ಸಾಕಾಗುತ್ತದೆ. ಎಡಿಎಚ್‌ಡಿ ಇರುವವರು "ಬಾಯಲ್ಲಿ ಹೇಳಿದ್ದನ್ನು ಮೇಲ್‌ನಲ್ಲೂ ಹಾಕಿ" ಎಂದರೆ ಕಾರಣ ಕೇಳುವವರು ಕಡಿಮೆ.

ರಜೆಯ ಸರ್ಟಿಫಿಕೇಟಿನ ವಿಷಯ ಮಾತ್ರ ಹಲವರಿಗೆ ಹೊಳೆಯುವುದಿಲ್ಲ. ರೋಗದ ಹೆಸರು ಬರೆಯದಿದ್ದರೂ ಕೆಳಗೆ ಮನೋವೈದ್ಯರ ಸೀಲು ಇರುತ್ತದೆ, ಅಲ್ವಾ? "ವೈರಲ್ ಜ್ವರ ಅಂತ ಬರೆದುಕೊಡಿ" ಎಂದರೆ ನಾನು ಬರೆಯುವುದಿಲ್ಲ. ಕೆಲಸದ ಫಾರ್ಮಿನಲ್ಲಿ ನೇರವಾಗಿ ಕೇಳಿದ್ದರೆ ನೀವೂ ಸುಳ್ಳು ಬರೆಯಬೇಡಿ.

ಇನ್ನು ಕಾನೂನು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗುಟ್ಟು ಕಾಯುವುದು ರೋಗಿಯ ಹಕ್ಕು. ಕಂಪನಿಯವರು ಫೋನ್ ಮಾಡಿ ವಿಚಾರಿಸಿದರೂ ನಿಮ್ಮ ಒಪ್ಪಿಗೆ ಇಲ್ಲದೆ ನಾವು ಬಾಯಿ ಬಿಡುವ ಹಾಗಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಾನಸಿಕ ಕಾಯಿಲೆ, ಆಟಿಸಂ, ಕಲಿಕೆಯ ತೊಂದರೆ ಸೇರಿವೆ. ಎಡಿಎಚ್‌ಡಿ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಸರ್ಕಾರಿ ಕೆಲಸದಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಅದೇ ಕಾರಣಕ್ಕೆ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಒಂದು ಸಲಹೆ, ಖಾಸಗಿ ಕಂಪನಿಯಲ್ಲಿ ಪ್ರೊಬೇಷನ್‌ನಲ್ಲಿರುವ ಹುಡುಗನಿಗೆ ಇನ್ನೊಂದು ಸಲಹೆ ನಾನು ಕೊಡುವುದು ಇದಕ್ಕೇ. ಆದರೆ ಈ ರಕ್ಷಣೆ ಬೇಕೆಂದರೆ ಹೇಳಲೇಬೇಕು, ಅಂಗವೈಕಲ್ಯದ ಸರ್ಟಿಫಿಕೇಟೂ ಮಾಡಿಸಬೇಕು.

ಬಸ್ ಓಡಿಸುವವರು, ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವವರು ತೂಕಡಿಕೆ ಬರಿಸುವ ಮಾತ್ರೆಯಲ್ಲಿದ್ದರೆ ಮುಚ್ಚಿಡಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕೆಲಸದಲ್ಲಿ ತಪ್ಪುಗಳಾಗುತ್ತಿವೆ, ಮೇಲಿನವರ ಮುಖ ಬದಲಾಗಿದೆ ಅನ್ನಿಸಿದರೆ ಮೆಮೊ ಕೈಗೆ ಬರುವ ಮೊದಲೇ ಹೇಳಿ. ಮೆಮೊ ಬಂದ ಮೇಲೆ ಅದೇ ಮಾತು ನೆಪದಂತೆ ಕೇಳಿಸುತ್ತದೆ. ಹೇಳಿದ್ದಕ್ಕೆ ಒಂದು ಮೇಲ್ ಹಾಕಿ, ಅದರ ಪ್ರತಿಯನ್ನು ನಿಮ್ಮ ಸ್ವಂತ ಮೇಲ್‌ನಲ್ಲೂ ಇಟ್ಟುಕೊಳ್ಳಿ.