ಗಡ್ಡೆ ಎಲ್ಲಿ ಕೂತಿದೆ?

ಮಂಡ್ಯದ ನಮ್ಮ ಚಿಕ್ಕಮ್ಮ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಬಂದಾಗ ಅವರ ಉಗುರೆಲ್ಲ ಬಿಳುಚಿತ್ತು. ತಿಂಗಳಿಗೆ ಒಂಬತ್ತು ದಿನ ಮುಟ್ಟು, ಹಿಮೋಗ್ಲೋಬಿನ್ ಬರೀ 7. ರಿಪೋರ್ಟಿನಲ್ಲಿದ್ದದ್ದು 2 ಸೆಂ.ಮೀ. ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಗಡ್ಡೆ. ಪಕ್ಕದ ಮನೆಯಾಕೆಗೆ 7 ಸೆಂ.ಮೀ. ಗಡ್ಡೆ ಇದ್ದರೂ ಏನೂ ತೊಂದರೆಯಿಲ್ಲ! "ನಂದು ಕ್ಯಾನ್ಸರ್ರೇ ಇರ್ಬೇಕು ಕಣವ್ವ. ಗರ್ಭಕೋಶನೇ ತೆಗುಸ್ಬುಡ್ಲಾ?" ಅಂದರು.

ಅಲ್ಲ ಚಿಕ್ಕಮ್ಮ. ಇದು ಗರ್ಭಕೋಶದ ಸ್ನಾಯುವಿನ ಗಂಟು. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 1854ರಲ್ಲೇ ಇದನ್ನು ತೋರಿಸಿಕೊಟ್ಟಿದ್ದ. ಒಂದೇ ಒಂದು ಜೀವಕೋಶ ಹದ ತಪ್ಪಿ ಬೆಳೆದು ಹೀಗಾಗುತ್ತದೆ. ಕೊಯ್ದು ನೋಡಿದರೆ ನೂಲು ಸುತ್ತಿದ ಉಂಡೆಯ ಹಾಗೆ, ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಯಾರ ಕಣ್ಣು ಬಿದ್ದೂ ಬರುವುದಿಲ್ಲ, ತಾಯತ ಕಟ್ಟಿದರೆ ಹೋಗುವುದೂ ಇಲ್ಲ.

ಮುಖ್ಯವಾದದ್ದು ಗಡ್ಡೆಯ ಜಾಗ. ಮನೆಯ ಹೊರಗೋಡೆಗೆ ಬೆರಣಿ ತಟ್ಟಿದರೆ ಒಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ, ಅಲ್ವಾ? ಅದೇ ಒಳಗೋಡೆ ಒಂದು ಕಡಲೆಕಾಯಿಯಷ್ಟು ಉಬ್ಬಲಿ, ಸುಣ್ಣದ ಪದರ ಉದುರುತ್ತಲೇ ಇರುತ್ತದೆ. ಗರ್ಭಕೋಶದ ಒಳಪದರವೂ ಹಾಗೇ, ಅಲ್ಲಿ ಸಣ್ಣ ಗಡ್ಡೆ ಉಬ್ಬಿದರೂ ರಕ್ತ ಜಾಸ್ತಿ ಹೋಗಬಹುದು. ಚಪ್ಪಲಿಯ ತಳಕ್ಕೆ ಅಂಟಿದ ಕಲ್ಲು ಬೇರೆ, ಪಾದದಡಿ ಸಿಕ್ಕ ಕಲ್ಲು ಬೇರೆ. ಹೊರಗಿನ ಗಡ್ಡೆ ತುಂಬಾ ದೊಡ್ಡದಾದರೆ ಮೂತ್ರಕೋಶವನ್ನು ಒತ್ತಬಹುದು.

ಗಡ್ಡೆಗೆ ನೀರುಣಿಸುವುದು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಅನ್ನುವ ಹೆಣ್ಣಿನ ಹಾರ್ಮೋನುಗಳು. ವಿ.ಸಿ. ನಾಲೆಯಲ್ಲಿ ನೀರು ನಿಂತರೆ ಗದ್ದೆ ಒಣಗುವ ಹಾಗೆ, ಮುಟ್ಟು ನಿಂತ ಮೇಲೆ ಗಡ್ಡೆ ಸಾಮಾನ್ಯವಾಗಿ ಕುಗ್ಗುತ್ತದೆ. ಆಮೇಲೂ ಬೆಳೆದರೆ, ರಕ್ತ ಕಾಣಿಸಿದರೆ ಸುಮ್ನೆ ಕೂರಬಾರದು.

ಒಂದು ಗದ್ದೆಯ ತೂಬನ್ನು ಮಾತ್ರ ಮುಚ್ಚುವ ದಾರಿಯೂ ಇದೆ. ಆಪರೇಷನ್ನಿನಲ್ಲಿ ರಕ್ತ ಜಾಸ್ತಿ ಹೋಗದಿರಲಿ ಅಂತ ಪ್ಯಾರಿಸ್‌ನ ವೈದ್ಯರು ಮೊದಲೇ ಗರ್ಭಕೋಶದ ರಕ್ತನಾಳ ಮುಚ್ಚುತ್ತಿದ್ದರು. ನೋಡಿದರೆ, ಹಲವರಿಗೆ ಆಪರೇಷನ್ನೇ ಬೇಡವಾಯಿತು! ಅದನ್ನವರು 1995ರಲ್ಲಿ ಪ್ರಕಟಿಸಿದರು. ಈ ಕಥೆ ನನಗೆ ಎಷ್ಟು ಸಲ ಹೇಳಿದರೂ ಸಾಲದು.

ತೊಂದರೆ ಇಲ್ಲದಿದ್ದರೆ ಆಗಾಗ ತೋರಿಸಿಕೊಂಡಿದ್ದರೆ ಸಾಕು. ರಕ್ತಸ್ರಾವ ತಗ್ಗಿಸುವ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ವಂಕಿ ಇದೆ, ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ ಇದೆ. ಗರ್ಭಕೋಶ ತೆಗೆಯಲೇಬೇಕಾದವರೂ ಇದ್ದಾರೆ, ನಿಜ. ಆದರೆ "ಮಕ್ಕಳಾಯ್ತಲ್ಲ, ಇನ್ಯಾಕೆ?" ಅನ್ನುವುದು ಕಾರಣವೇ ಅಲ್ಲ.

ಚಿಕ್ಕಮ್ಮನ ಗಡ್ಡೆ ಒಳಗೋಡೆಯದು. ಕಬ್ಬಿಣದ ಮಾತ್ರೆ ಎರಡು ತಿಂಗಳು ನಡೆಯಿತು. ಆಮೇಲೆ ಗರ್ಭಕೋಶದ ಬಾಯಿಂದಲೇ ಕ್ಯಾಮೆರಾ ಇಳಿಸಿ ಗಡ್ಡೆ ತೆಗೆದರು. ಹೊಟ್ಟೆಯ ಮೇಲೆ ಒಂದು ಹೊಲಿಗೆಯೂ ಇಲ್ಲ.