ಕಾರಿಗೂ ಒಂದು ಗೊರಗ

ಮೇ ತಿಂಗಳು ಕೊನೆಗೆ ಬಂತೆಂದರೆ ನನ್ನ ಗ್ಯಾರೇಜಿನ ಮುಂದೆ ಸಣ್ಣ ಕಾರುಗಳ ಸಾಲು. ಆಲ್ಟೋ, ವ್ಯಾಗನ್‌ಆರ್, ಸ್ವಿಫ್ಟ್, ಸ್ಯಾಂಟ್ರೋ. ಓನರ್‌ಗಳ ಕೈಯಲ್ಲಿ ಮೊಬೈಲ್, ಮೊಬೈಲಿನಲ್ಲಿ ಒಂದು ಫೋಟೋ. "ಅಣ್ಣಾ, ಈ ಲೈಟ್ ಕೂರಿಸ್ಬೇಕು", "ಈ ಸ್ಪಾಯ್ಲರ್ ನಮ್ಮ ಗಾಡಿಗೆ ಬರುತ್ತಾ?" ಅಂತ ಕೇಳುತ್ತಾರೆ. ನಾನು ಮೊದಲು ಬಾನೆಟ್ ಎತ್ತಲು ಹೇಳುತ್ತೇನೆ.

ಹಿಂದೆ ನಮ್ಮ ಕೊಡಗಿನಲ್ಲಿ ನಾಟಿಗೆ ಇಳಿಯುವವರು ಬೆನ್ನ ಮೇಲೆ ಗೊರಗ ಅನ್ನುವ ಮಳೆ ಹೊದಿಕೆ ಹಾಕಿಕೊಳ್ಳುತ್ತಿದ್ದರು. ಗೊರಗ ಮಳೆಯನ್ನು ನಿಲ್ಲಿಸುವುದಿಲ್ಲ. ನೀರಿಗೆ ಜಾರಿ ಹೋಗಲು ದಾರಿ ಕೊಡುತ್ತದೆ, ಅಷ್ಟೆ. ಕೊಡಗಿನ ಕಾರಿಗೆ ಬೇಕಾದ ಆಕ್ಸೆಸರಿ ಯಾವುದು, ಬೇಡದ್ದು ಯಾವುದು ಅಂತ ನೋಡುವಾಗ ನಾನು ಇದನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ನೀರಿಗೆ ಕಾರಿನಲ್ಲಿ ದಾರಿ ಇದೆಯಾ? ಇದ್ದರೆ ಆಮೇಲೆ ಬೇಕಾದ್ದು ಹಾಕಿಸಿ.

ಹೋದ ವರ್ಷ ನಾಪೋಕ್ಲು ಕಡೆಯ ಮೇಷ್ಟ್ರೊಬ್ಬರು ಬಂದಿದ್ದರು. ಎಡಗಡೆ ಸೀಟಿನ ಕೆಳಗೆ ಕಾರ್ಪೆಟ್ ಹಿಂಡಿದರೆ ನೀರು ಸುರಿಯುತ್ತಿತ್ತು. "ಟಾಪ್ ಸೋರ್ತಿದೆ, ಸಿಲಿಕಾನ್ ಹಾಕಿ ಮುಚ್ಚಿಬಿಡಿ" ಅಂದರು. ಟಾಪ್ ಸರಿಯಾಗಿಯೇ ಇತ್ತು. ವೈಪರ್ ಬುಡದಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಜಾಲರಿ ಇರುತ್ತಲ್ಲ, ಅದರ ಕೆಳಗೆ ಒಂದು ತೊಟ್ಟಿ ಇದೆ. ಗಾಜಿನಿಂದ ಇಳಿದ ನೀರು ಅಲ್ಲಿ ಸೇರಿ, ಎರಡು ಬದಿಯ ತೂತುಗಳಿಂದ ಕೆಳಗೆ ಹೋಗಬೇಕು. ಬ್ಲೋವರ್, ಅಂದರೆ ಕಾರಿನೊಳಗೆ ಗಾಳಿ ಊದುವ ಫ್ಯಾನ್, ಹೊರಗಿನ ಗಾಳಿ ಎಳೆದುಕೊಳ್ಳುವುದೂ ಅಲ್ಲಿಂದಲೇ. ಮೇಷ್ಟ್ರ ಕಾರು ವರ್ಷವಿಡೀ ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲುತ್ತಿತ್ತು. ಜಾಲರಿ ಬಿಚ್ಚಿದಾಗ ಎರಡು ಹಿಡಿ ಕೊಳೆತ ಎಲೆ ಸಿಕ್ಕಿತು, ಒಳ್ಳೆ ಗೊಬ್ಬರದ ಹಾಗೆ. ತೂತು ಕಟ್ಟಿದ ಮೇಲೆ ತೊಟ್ಟಿ ತುಂಬುತ್ತದೆ. ತುಂಬಿದ ನೀರು ಬ್ಲೋವರ್ ಬಾಯಿಂದ ಒಳಗೆ ಇಳಿಯುತ್ತದೆ. ಸಿಲಿಕಾನ್ ಹಾಕಿದ್ದರೆ ಟ್ಯೂಬಿನ ದುಡ್ಡು ದಂಡ.

ಇದಕ್ಕೆ ಮನೆಯಲ್ಲೇ ಮಾಡಬಹುದಾದ ಕೆಲಸ ಹೇಳುತ್ತೇನೆ. ಕಿಟಕಿಗೆ ಹಾಕುವ ಸೊಳ್ಳೆ ಬಲೆ, ನೈಲಾನ್‌ದು, ಅರ್ಧ ಮೀಟರ್ ಸಾಕು. ಪ್ಲಾಸ್ಟಿಕ್ ಜಾಲರಿಯನ್ನು ಹಿಡಿದಿರುವುದು ಕೆಲವು ಕ್ಲಿಪ್, ಒಂದೆರಡು ಸ್ಕ್ರೂ. ವೈಪರ್ ತೋಳಿನ ನಟ್ ಬಿಚ್ಚಬೇಕಾಗಬಹುದು. ಬಿಚ್ಚುವ ಮೊದಲು ವೈಪರ್ ನಿಂತ ಜಾಗಕ್ಕೆ ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ, ಇಲ್ಲದಿದ್ದರೆ ವಾಪಸ್ ಕೂರಿಸುವಾಗ ತಲೆ ಕೆಡುತ್ತದೆ. ಎಲೆ ತೆಗೆದು, ಒಂದು ಬಾಟಲಿ ನೀರು ಸುರಿದು, ಎರಡೂ ಕಡೆ ಕೆಳಗೆ ಇಳಿಯುತ್ತಾ ನೋಡಿ. ಆಮೇಲೆ ಜಾಲರಿಯ ಒಳಬದಿಗೆ ಬಲೆ ಇಟ್ಟು ಸಣ್ಣ ಕೇಬಲ್ ಟೈ ಬಿಗಿಯಿರಿ. ಎಲೆ ಬಲೆಯ ಮೇಲೇ ನಿಲ್ಲುತ್ತದೆ, ವಾರಕ್ಕೊಮ್ಮೆ ಕೈಯಲ್ಲಿ ಬಾಚಿ ತೆಗೆದರೆ ಮುಗೀತು.

ಬಲೆ ಇಷ್ಟು ಚೆನ್ನಾಗಿದೆ ಅಂತ ಮುಂದಿನ ಗ್ರಿಲ್‌ಗೂ ಅದನ್ನೇ ಕಟ್ಟಬೇಡಿ. ರೇಡಿಯೇಟರಿಗೆ ಗಾಳಿ ಬೇಕು. ಸಂಪಾಜೆ ಕಡೆಯಿಂದ ಎರಡನೇ ಗೇರಿನಲ್ಲಿ ಮಡಿಕೇರಿಗೆ ಹತ್ತುವಾಗ ಸಣ್ಣ ಕಣ್ಣಿನ ಬಲೆ ತುಂಬ ಕೆಸರು, ಹುಳ ಅಂಟಿದ್ದರೆ ಎಂಜಿನ್ ಬಿಸಿಯಾಗದೆ ಇನ್ನೇನಾಗುತ್ತೆ?

ಬಾಗಿಲಿನಲ್ಲೂ ಇದೇ ಕತೆ. ಕಿಟಕಿ ಗಾಜಿನ ಪಕ್ಕದಿಂದ ಸ್ವಲ್ಪ ನೀರು ಒಳಗೆ ಇಳಿಯುವುದು ಮಾಮೂಲು. ಬಾಗಿಲಿನ ತಳದ ಅಂಚಿನಲ್ಲಿ ಎರಡು ಮೂರು ಸೀಳು ಇರುತ್ತವೆ, ಅಲ್ಲಿಂದ ಹೊರಗೆ ಹೋಗಬೇಕು. ಕೆಂಪು ಮಣ್ಣು ಅವನ್ನು ಕಟ್ಟಿಬಿಡುತ್ತದೆ. ಬಾಗಿಲು ಹಾಕುವಾಗ ಗುಳುಗುಳು ಸದ್ದು ಕೇಳಿದರೆ ಒಂದು ತೆಂಗಿನ ಗರಿ ಕಡ್ಡಿ ತಗೊಂಡು ಚುಚ್ಚಿ. ಕಬ್ಬಿಣದ ಕಡ್ಡಿ ಬೇಡ, ಪೇಂಟ್ ಕೆರೆದರೆ ಅಲ್ಲಿಂದಲೇ ತುಕ್ಕು ಶುರು.

ಇನ್ನು ಗಾಜಿನ ಮೇಲಿನ ಮಂಜು. ಒದ್ದೆ ಬಟ್ಟೆಯಲ್ಲಿ ನಾಲ್ಕು ಜನ ಕೂತು, ಕಿಟಕಿ ಏರಿಸಿ, ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿಟ್ಟರೆ ಐದು ನಿಮಿಷದಲ್ಲಿ ಗಾಜು ಬೆಳ್ಳಗೆ. ಮಂಜು ಒಳಗಿದೆಯಾ ಹೊರಗಿದೆಯಾ ಅಂತ ಮೊದಲು ಬೆರಳಲ್ಲಿ ಒಂದು ಗೀಟು ಎಳೆದು ನೋಡಿ. ಒಳಗಿದ್ದರೆ ಆ ಬಟನ್ ಬಿಟ್ಟು ಹೊರಗಿನ ಗಾಳಿಗೆ ಹಾಕಿ, ಎಸಿ ಹಾಕಿ, ಜೊತೆಗೆ ಹೀಟರ್ ನಾಬ್ ಕೂಡ ತಿರುಗಿಸಿ. ಚಳಿಯಲ್ಲಿ ಎಸಿ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಎಸಿ ಗಾಳಿಯ ತೇವವನ್ನು ಹಿಂಡಿ ಕಾರಿನ ಕೆಳಗೆ ಹನಿ ಹನಿಯಾಗಿ ಬಿಡುತ್ತದೆ. ಹಾಗೆ ಒಣಗಿದ ಗಾಳಿಯನ್ನು ಹೀಟರ್ ಬಿಸಿ ಮಾಡುತ್ತದೆ. ಮಂಜು ಹೊರಗಿದ್ದರೆ ಗಾಜು ತುಂಬ ತಣ್ಣಗಾಗಿದೆ ಎಂದು ಅರ್ಥ, ಎಸಿ ಕಮ್ಮಿ ಮಾಡಿ ವೈಪರ್ ಹಾಕಿ.

ಗಡ್ಡಕ್ಕೆ ಹಚ್ಚುವ ಫೋಮ್ ಸ್ವಲ್ಪ ಗಾಜಿನ ಒಳಬದಿಗೆ ಹಚ್ಚಿ ಒಣ ಬಟ್ಟೆಯಲ್ಲಿ ಉಜ್ಜಿದರೆ ಕೆಲವು ದಿನ ಮಂಜು ಕಟ್ಟುವುದು ಕಮ್ಮಿ. ಇದು ನಿಜ, ನಾನೂ ಮಾಡುತ್ತೇನೆ. ಆದರೆ ಹಿಂದಿನ ಸೀಟಿನಲ್ಲಿ ಒದ್ದೆ ಕೊಡೆ ಇಟ್ಟುಕೊಂಡು ಮುಂದಿನ ಗಾಜಿಗೆ ಫೋಮ್ ಹಚ್ಚಿ ಏನು ಪ್ರಯೋಜನ?

ಕೊಡೆಗೆ ನನ್ನದೊಂದು ಉಪಾಯ ಇದೆ. 75 ಮಿ.ಮೀ. ಪಿವಿಸಿ ಪೈಪ್, ಕೊಡೆಗಿಂತ ಒಂದು ಗೇಣು ಕಮ್ಮಿ ಉದ್ದ, ತಳಕ್ಕೆ ಒಂದು ಮುಚ್ಚಳ. ಮುಚ್ಚಳಕ್ಕೆ ಗಮ್ ಹಾಕಬೇಡಿ, ಒತ್ತಿ ಕೂರಿಸಿದರೆ ಸಾಕು. ಇದನ್ನು ಎಡಗಡೆ ಮುಂದಿನ ಸೀಟಿನ ಹಿಂಬದಿಗೆ ಎರಡು ವೆಲ್ಕ್ರೋ ಪಟ್ಟಿಯಲ್ಲಿ ಬಿಗಿಯಾಗಿ ಕಟ್ಟಿ. ಒದ್ದೆ ಕೊಡೆ ಅದರೊಳಗೆ, ನೀರು ಮುಚ್ಚಳದೊಳಗೆ. ಮನೆಗೆ ಹೋದ ಮೇಲೆ ಪೈಪ್ ತೆಗೆದು ಅಂಗಳಕ್ಕೆ ಚೆಲ್ಲಿ. ಕಟ್ಟದೆ ಸುಮ್ನೆ ನೆಲದ ಮೇಲೆ ಬಿಡಬೇಡಿ. ಇಳಿಜಾರಿನಲ್ಲಿ ಉರುಳಿ ಡ್ರೈವರ್ ಕಾಲ ಹತ್ತಿರ ಬಂದರೆ ಬ್ರೇಕ್ ಒತ್ತಲಾಗುವುದಿಲ್ಲ. ಇದೇ ಕಾರಣಕ್ಕೆ ಡ್ರೈವರ್ ಕಾಲ ಕೆಳಗೆ ಗೋಣಿಚೀಲ ಹಾಸುವುದನ್ನೂ ಬಿಡಿ. ಕಾಫಿ ಚೀಲ ಮನೆ ತುಂಬ ಇದೆ ಅಂತ ಎಲ್ಲಾ ಕಡೆ ಹಾಸುವುದು ನಮ್ಮ ಅಭ್ಯಾಸ. ಒದ್ದೆಯಾದ ಗೋಣಿ ಸುರುಳಿ ಸುತ್ತಿ ಆಕ್ಸಿಲರೇಟರ್ ಮೇಲೆ ಕೂತದ್ದನ್ನು ನಾನೇ ಬಿಡಿಸಿದ್ದೇನೆ. ಅಲ್ಲಿಗೆ ಅಂಚು ಎತ್ತರ ಇರುವ ರಬ್ಬರ್ ಮ್ಯಾಟ್ ಒಂದೇ ಸಾಕು, ಹಳೇ ಮ್ಯಾಟ್ ಮೇಲೆ ಹೊಸದು ಹಾಕಬೇಡಿ. ಗೋಣಿ ಡಿಕ್ಕಿಯಲ್ಲಿರಲಿ.

ಜಿಗಣೆಗೆ ಅಂತ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳುವವರಿಗೂ ಒಂದು ಮಾತು. ಅದನ್ನು ಮುಚ್ಚಳ ಇರುವ ಡಬ್ಬಿಯಲ್ಲಿಡಿ. ಉಪ್ಪು ತೇವ ಎಳೆದು ಕರಗಿ ಕಾರ್ಪೆಟ್ ಕೆಳಗೆ ಇಳಿದರೆ ಜಿಗಣೆ ಬಿಟ್ಟರೂ ತುಕ್ಕು ಬಿಡುವುದಿಲ್ಲ.

ಈಗ ಲೈಟಿಗೆ ಬರೋಣ. ನನಗೆ ಜಾಸ್ತಿ ಸಿಟ್ಟು ಬರುವ ಜಾಗ ಇದು.

ಮಂಜಿನಲ್ಲಿ ಕಾಣಿಸುವುದಿಲ್ಲ ಅಂತ ಟಾಪ್ ಮೇಲೆ ಉದ್ದನೆ ಎಲ್‌ಇಡಿ ಬಾರ್ ಹಾಕಿಸಲು ಬರುತ್ತಾರೆ. ಮಂಜು ಅಂದರೆ ಸಣ್ಣ ಸಣ್ಣ ನೀರಿನ ಹನಿ. ಬೆಳಕು ಅದಕ್ಕೆ ಬಡಿದು ವಾಪಸ್ ಬರುತ್ತದೆ. ಲೈಟ್ ನಿಮ್ಮ ಕಣ್ಣಿನ ಎತ್ತರಕ್ಕೆ ಹತ್ತಿರ ಇದ್ದಷ್ಟೂ ವಾಪಸ್ ಬಂದ ಬೆಳಕು ನೇರ ಕಣ್ಣಿಗೇ. ಬ್ರೈಟ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಂತ ಹಾಗಾಗುವುದು ಇದರಿಂದಲೇ. ಎದುರು ಬರುವವನ ಪಾಡು ಇನ್ನೂ ಕಷ್ಟ. ಫಾಗ್ ಲ್ಯಾಂಪ್ ಬಂಪರಿನ ಕೆಳಗೆ ಇರಬೇಕು. ಬೆಳಕು ಅಗಲಕ್ಕೆ ಹರಡಬೇಕು, ಮೇಲಕ್ಕೆ ಹೋಗಬಾರದು. ಹಳದಿಯೋ ಬಿಳಿಯೋ ಅನ್ನುವುದಕ್ಕಿಂತ ಇದು ಮುಖ್ಯ. ಸಮತಟ್ಟು ಜಾಗದಲ್ಲಿ ಗೋಡೆಯಿಂದ 25 ಅಡಿ ದೂರ ಕಾರು ನಿಲ್ಲಿಸಿ, ಲೈಟ್ ಹಾಕಿ. ಗೋಡೆಯ ಮೇಲೆ ಬೆಳಕಿನ ಮೇಲಂಚು ಲ್ಯಾಂಪಿನ ಎತ್ತರಕ್ಕಿಂತ ಸುಮಾರು 4 ಇಂಚು ಕೆಳಗಿರಲಿ. ಕಾಫಿ ಒಣಗಿಸುವ ಕಣ ಇದ್ದವರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ವೈರಿಂಗ್ ವಿಷಯದಲ್ಲಿ ನನ್ನದೇ ತಪ್ಪು ಹೇಳಿಬಿಡುತ್ತೇನೆ. ಕೆಲಸ ಕಲಿಯುವ ಕಾಲದಲ್ಲಿ ಒಂದು ಹಳೇ ಮಾರುತಿ 800ಕ್ಕೆ ಫಾಗ್ ಲ್ಯಾಂಪ್ ಹಾಕಿದ್ದೆ. ಹಾರ್ನ್ ವೈರಿಗೆ ಇನ್ನೊಂದು ವೈರ್ ಸುತ್ತಿ, ಟೇಪ್ ಹಾಕಿ, ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಸ್ವಿಚ್. ಲೈಟ್ ಜೋರಾಗಿಯೇ ಉರಿಯಿತು. ಹದಿನೈದು ದಿನಕ್ಕೆ ಜೋಡುಪಾಲದ ತಿರುವಿನಲ್ಲಿ ಸ್ವಿಚ್ಚಿನಿಂದ ಹೊಗೆ. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ಸುಟ್ಟ ವಾಸನೆ ಇನ್ನೂ ಮೂಗಿನಲ್ಲಿದೆ.

ಲೆಕ್ಕ ಸುಲಭ. 55 ವಾಟ್ ಬಲ್ಬ್ ಎರಡು ಅಂದರೆ 110 ವಾಟ್. 12 ವೋಲ್ಟಿಗೆ ಭಾಗಿಸಿದರೆ 9 ಆಂಪಿಯರಿಗೆ ಮೇಲೆ. ಅಷ್ಟು ಕರೆಂಟ್ ಆ ಸಣ್ಣ ಸ್ವಿಚ್ಚಿನ ಒಳಗೆ ಹೋಗಬಾರದು. ಅದಕ್ಕೇ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಡಬ್ಬಿ. ರಿಲೇ ತಳದಲ್ಲಿ ನಂಬರ್ ಬರೆದಿರುತ್ತದೆ. 30ಕ್ಕೆ ಬ್ಯಾಟರಿಯ ಪ್ಲಸ್‌ನಿಂದ ದಪ್ಪ ವೈರ್. 87ರಿಂದ ಲ್ಯಾಂಪಿಗೆ. 86ಕ್ಕೆ ಸ್ವಿಚ್, 85 ಕಾರಿನ ಬಾಡಿಗೆ, ಅಂದರೆ ಅರ್ತ್. ಸ್ವಿಚ್ ಮೂಲಕ ಹೋಗುವುದು ಅರ್ಧ ಆಂಪಿಯರಿಗೂ ಕಮ್ಮಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು, ಈ ಕೆಲಸಕ್ಕೆ 15 ಆಂಪಿಯರ್, ನೀಲಿ ಬಣ್ಣದ್ದು. ಲ್ಯಾಂಪಿನ ಹತ್ತಿರ ಫ್ಯೂಸ್ ಹಾಕುವವರಿದ್ದಾರೆ. ಫ್ಯೂಸ್ ಕಾಯುವುದು ಲ್ಯಾಂಪನ್ನಲ್ಲ, ವೈರನ್ನು. ನಡುವೆ ಎಲ್ಲೋ ವೈರ್ ಸವೆದು ಬಾಡಿಗೆ ತಾಗಿದರೆ, ಆ ತುದಿಯಲ್ಲಿರುವ ಫ್ಯೂಸಿಗೆ ಸುದ್ದಿಯೇ ಗೊತ್ತಾಗುವುದಿಲ್ಲ. ಫ್ಯೂಸ್ ಪದೇ ಪದೇ ಹೋಗುತ್ತಿದೆ ಅಂತ 30 ಆಂಪಿಯರಿನ ಹಸಿರು ಫ್ಯೂಸ್ ಹಾಕಬೇಡಿ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಅಂತೂ ಬೇಡವೇ ಬೇಡ. ಹಾಗೆಯೇ 60/55 ವಾಟಿನ ಹೆಡ್‌ಲೈಟ್ ಬಲ್ಬ್ ತೆಗೆದು ಅದೇ ಹೋಲ್ಡರಿಗೆ 100/90 ಹಾಕಿದರೆ ಹೋಲ್ಡರ್ ಕರಗುತ್ತದೆ.

ಹಳದಿ ಹೊದಿಕೆಯ ವೈರ್, ಹಳದಿ ಕನೆಕ್ಟರ್ ಕಂಡರೆ ಕೈ ಹಾಕಬೇಡಿ. ಅದು ಏರ್‌ಬ್ಯಾಗಿನದು. ಹೊಸ ಕಾರಿಗೆ ವಾರಂಟಿ ಇನ್ನೂ ಇದ್ದರೆ ವೈರ್ ಕತ್ತರಿಸುವ ಯಾವ ಕೆಲಸವನ್ನೂ ಮನೆಯಲ್ಲಿ ಮಾಡಬೇಡಿ. ನನ್ನ ಹತ್ತಿರವೂ ಮಾಡಿಸಬೇಡಿ.

ಚಕ್ರದ ಹಿಂದೆ ಕೆಸರು ತಡೆಯುವ ಮಡ್ ಫ್ಲ್ಯಾಪ್ ಹಾಕುವುದು ಅರ್ಧ ಗಂಟೆ ಕೆಲಸ. ನಿಮ್ಮ ಮಾಡೆಲ್‌ಗೇ ಬರುವುದನ್ನು ತಗೊಳ್ಳಿ, ಇರುವ ತೂತಿಗೇ ಸ್ಕ್ರೂ ಕೂರುತ್ತದೆ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರಿಗೆ ತಾಗುತ್ತಾ ನೋಡಿ. ಉದ್ದ ಜಾಸ್ತಿ ಇದ್ದರೆ ಚೆಂದ ಅಂತ ಅನ್ನಿಸಬಹುದು, ಆದರೆ ತೋಟದ ರಸ್ತೆಯಲ್ಲಿ ರಿವರ್ಸ್ ಬರುವಾಗ ಟೈರಿಗೂ ಕಲ್ಲಿಗೂ ನಡುವೆ ಸಿಕ್ಕಿ ಬಂಪರಿನ ಅಂಚನ್ನೂ ಕಿತ್ತುಕೊಂಡು ಬರುತ್ತದೆ.

ಅದೇ ತೋಟದ ರಸ್ತೆಗಾಗಿ ಕಾರು ಎತ್ತರ ಮಾಡಿಸಬೇಕು ಅಂತ ತುಂಬ ಜನ ಕೇಳುತ್ತಾರೆ. ಆಲ್ಟೋ 800ರ 145/80 ಆರ್12 ಟೈರನ್ನೇ ತಗೊಳ್ಳಿ. ಅದರ ಪೂರ್ತಿ ಎತ್ತರ ಸುಮಾರು 537 ಮಿ.ಮೀ. ಬದಲಿಗೆ 155/80 ಹಾಕಿದರೆ 553. ನೆಲದಿಂದ ಕಾರು ಏಳುವುದು ಇದರ ವ್ಯತ್ಯಾಸದ ಅರ್ಧ, ಅಂದರೆ 8 ಮಿ.ಮೀ. ಒಂದು ಪೆನ್ಸಿಲ್ ದಪ್ಪ! ಅಷ್ಟಕ್ಕೆ ಸ್ಪೀಡೋಮೀಟರ್ ಶೇಕಡಾ 3ರಷ್ಟು ಕಮ್ಮಿ ತೋರಿಸುತ್ತದೆ, ಟೈರ್ ಒಳಗೆ ಉಜ್ಜುವ ಭಯ ಬೇರೆ. ಸ್ಪ್ರಿಂಗಿನ ನಡುವೆ ರಬ್ಬರ್ ಬಫರ್ ತುರುಕುವುದನ್ನು ನಾನು ಒಪ್ಪುವುದಿಲ್ಲ. ಗಾಡಿ ಎತ್ತರ ಕಾಣುತ್ತದೆ, ಆದರೆ ಸ್ಪ್ರಿಂಗ್ ತನ್ನ ಕೆಲಸ ಮಾಡಲಾಗದೆ ಪೆಟ್ಟೆಲ್ಲಾ ಬಾಡಿಗೆ ಹೋಗುತ್ತದೆ. ಅದರ ಬದಲು ಎಂಜಿನ್ ಕೆಳಗೆ ಒಂದು ಗಾರ್ಡ್ ಹಾಕಿಸಿ. ಆಯಿಲ್ ಬಿಚ್ಚುವ ಬೋಲ್ಟಿನ ನೇರಕ್ಕೆ ತೂತು ಇರುವುದನ್ನು ಆರಿಸಿ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ತಡೆದಿದೆ. ಮುಂದೆ ಹಾಕುವ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಬೇಡ ಅಂತ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ಆನೆ ಬಂದರೆ ಆ ಪೈಪು ಏನೂ ಮಾಡುವುದಿಲ್ಲ, ಅಲ್ವಾ? ಮನುಷ್ಯರಿಗೆ ತಾಗಿದರೆ ಮಾತ್ರ ಪೆಟ್ಟು ಜೋರು.

ಕೊನೆಗೆ ಇಲಿ. ಮಳೆ ಹಿಡಿದ ಮೇಲೆ ಬೆಚ್ಚಗಿನ ಜಾಗ ಹುಡುಕಿ ಎಂಜಿನ್ ಮೇಲೆ ಬಂದು ಕೂರುತ್ತದೆ, ಕೂತಲ್ಲಿ ವೈರ್ ಕಡಿಯುತ್ತದೆ. ನುಸಿ ಗುಳಿಗೆ, ಹೊಗೆಸೊಪ್ಪು ಎಲ್ಲಾ ಇಟ್ಟು ನೋಡಿದ್ದೇನೆ. ನುಸಿ ಗುಳಿಗೆ ವಾಸನೆ ಬ್ಲೋವರಿನಿಂದ ನಮ್ಮ ಮೂಗಿಗೆ ಬಂತು, ಇಲಿಗೆ ಏನೂ ಆಗಲಿಲ್ಲ. ನನ್ನ ಅನುಭವದಲ್ಲಿ ಸ್ವಲ್ಪ ಉಪಯೋಗ ಆಗಿದ್ದು ಎರಡೇ. ರಾತ್ರಿ ಬಾನೆಟ್ ಎತ್ತಿ ಬಿಡುವುದು, ಆದರೆ ಇದಕ್ಕೆ ಮೇಲೆ ಮಾಡು ಇರುವ ಶೆಡ್ ಬೇಕು. ಇನ್ನೊಂದು, ಬ್ಲೋವರ್ ಬಾಯಿಗೆ ಕೋಳಿಗೂಡಿನ ಸಣ್ಣ ಕಣ್ಣಿನ ತಂತಿ ಬಲೆ ಕತ್ತರಿಸಿ ಕೂರಿಸುವುದು. ಕಣ್ಣು ಕಿರುಬೆರಳ ತುದಿಗಿಂತ ಚಿಕ್ಕದಿರಲಿ. ಕತ್ತರಿಸಿದ ಅಂಚನ್ನು ಒಳಕ್ಕೆ ಮಡಚಿ, ಇಲ್ಲದಿದ್ದರೆ ಮುಂದಿನ ಸಲ ಎಲೆ ಬಾಚುವಾಗ ರಕ್ತ ಬರುವುದು ನಿಮ್ಮ ಬೆರಳಿನಿಂದಲೇ. ಸೆಪ್ಟೆಂಬರ್‌ನಲ್ಲಿ ಬರುವ ನಮ್ಮ ಕೈಲ್ ಮುಹೂರ್ತ ಹಬ್ಬಕ್ಕೆ ಕತ್ತಿ ಕೋವಿ ತೊಳೆಯುವ ಹೊತ್ತಿಗೆ ಈ ಬಲೆಯನ್ನೂ ಒಮ್ಮೆ ಬಿಚ್ಚಿ ತೊಳೆದುಬಿಡಿ. ಅಷ್ಟರಲ್ಲಿ ಅದಕ್ಕೆ ಮೂರು ತಿಂಗಳ ಕೆಸರು ಕಟ್ಟಿರುತ್ತದೆ.